ಎದುರಿನವನ ಮಾತು

ಬೀದರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ಅಕ್ಕ ಒಬ್ಬಳೇ. ಮಿಕ್ಕವರಿಗೆಲ್ಲ ಅವನು ಫಲ್ಸಫಿ. ತತ್ತ್ವಶಾಸ್ತ್ರಕ್ಕೆ ಉರ್ದುವಿನಲ್ಲಿ ಫಲ್ಸಫಾ ಅನ್ನುತ್ತಾರೆ. ಅದನ್ನು ಓದಲೆಂದು ಹೈದರಾಬಾದಿಗೆ ಹೋಗಿ, ಪರೀಕ್ಷೆಗೆ ಕೂರುವ ಮೊದಲೇ ನಿಜಾಮನ ಆಳ್ವಿಕೆಯ ಕಡೆಯ ವರ್ಷಗಳ ಗದ್ದಲದಲ್ಲಿ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದವನಿಗೆ ಊರೇ ಕೊಟ್ಟ ಪದವಿ ಇದು. ಹೋದ ತಿಂಗಳು ತೀರಿಕೊಂಡ. ನಾನೂ ಇಲ್ಲಿ ಅವನ ಹೆಸರು ಬರೆಯುವುದಿಲ್ಲ. ನಮ್ಮ ಮೂವರು ಗೆಳೆಯರೊಳಗೆ ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಆದ ಅನಾಹುತವೆಲ್ಲ ಅದರಿಂದಲೇ ಆದದ್ದು, ಆದರೂ ಈ ವಯಸ್ಸಿನಲ್ಲಿ ಅದನ್ನು ಮುರಿಯಲು ಮನಸ್ಸಾಗುತ್ತಿಲ್ಲ.

ಕೂತಲ್ಲಿ ಕೂರುವ ಪ್ರಾಣಿ ಅವನಲ್ಲ. ಊಟ ಮಾಡುವಾಗಲೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ಓದುವುದು ನಡೆಯುತ್ತ, ವಾದ ಮಾಡುವುದು ಇನ್ನೂ ಜೋರಾಗಿ ನಡೆಯುತ್ತ. ಒಮ್ಮೆ ಊರ ನಡುವಿನ ಚೌಬಾರಾ ಬುರುಜಿನ ಹತ್ತಿರ ಪುಸ್ತಕದಲ್ಲಿ ಮುಖ ಹುಗಿದುಕೊಂಡು ಹೋಗುತ್ತಿದ್ದವನು ನೇರವಾಗಿ ಎತ್ತಿನ ಗಾಡಿಗೆ ಹಾಯ್ದ. ಗಾಡಿಯವನು ಬಾಯಿಗೆ ಬಂದಂತೆ ಬೈದ. ಇವನು ಮೈ ಕೊಡವಿಕೊಂಡು ಎದ್ದು ಅವನನ್ನೇ ನಿಲ್ಲಿಸಿ, "ನಿಂದ್ರು, ಈಗ ತಪ್ಪು ಎತ್ತಿಂದೋ, ನಿಂದೋ, ನಂದೋ? ಹೇಳಿ ಹೋಗು" ಅಂದ.

"ನಿಮ್ಮಪ್ಪಂದು. ಸಾಲಿಗಿ ಕಳಿಸ್ಯಾನಲ್ಲ ನಿನ್ನ" ಎಂದು ಗಾಡಿಯವನು ಎತ್ತಿನ ಬಾಲ ತಿರುವಿದ.

ಎರಡು ದಿನ ಅದನ್ನೇ ಯೋಚಿಸಿ, "ಅಂವಾ ಅಂದದ್ದರಾಗ ಮಾತದ" ಎಂದು ನನ್ನ ಮುಂದೆ ಒಪ್ಪಿಕೊಂಡ. ನಗುತ್ತ ಹೇಳಿದ್ದಲ್ಲ.

ನಾನು ಹಲಬರ್ಗಾದವನು. ಮನೆತನದ ಕಸುಬು ಕುರಿ. ಸಾಲೆಯಲ್ಲಿ ಉರ್ದು ಅಕ್ಷರ ಒಲಿದದ್ದರಿಂದ ಭಾಲ್ಕಿ ತಹಸೀಲ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನಾದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರ ಹುಕುಮುಗಳನ್ನು ಬರೆಯುವುದು, ರಜೆ ಸಿಕ್ಕರೆ ರೈಲು ಹತ್ತಿ ಬೀದರಿನ ಕುತುಬಖಾನೆಗೆ, ಅಂದರೆ ಗ್ರಂಥಾಲಯಕ್ಕೆ, ಹೋಗಿ ಕೂರುವುದು. ಅಲ್ಲಿ ತರ್ಕದ ಪುಸ್ತಕವೊಂದನ್ನು ತೆಗೆದಾಗ ಒಳಗೊಂದು ಚೀಟಿ ಇತ್ತು. ಉರ್ದುವಿನಲ್ಲಿ ಬರೆದಿತ್ತು: ರಾತ್ರಿ ಮಲಗಿದವನೂ ಬೆಳಿಗ್ಗೆ ಎದ್ದವನೂ ಒಬ್ಬನೇ ಎಂದು ನಿನಗೆ ಯಾರು ಹೇಳಿದರು? ಇದನ್ನೋದಿ ನಗು ಬಂದರೆ ಚೀಟಿ ಇದ್ದಲ್ಲೇ ಇಡು. ನಿದ್ದೆ ಕೆಟ್ಟರೆ ಕೆಳಗೆ ನಿನ್ನ ವಿಳಾಸ ಬರೆ.

ಕೆಳಗೆ ಆಗಲೇ ಬೇರೆ ಕೈಬರಹದಲ್ಲಿ 'ಔರಾದ, ಉರ್ದು ಸಾಲೆ' ಎಂದಿತ್ತು. ನಾನು ಅತ್ತಿತ್ತ ನೋಡಿದೆ. ಇಂಥ ಹುಳ ತಲೆ ಹೊಕ್ಕಿರುವುದು ನನಗೊಬ್ಬನಿಗೇ, ಇದನ್ನು ಬಾಯಿ ಬಿಟ್ಟು ಹೇಳಿದರೆ ಮದುವೆ ಕೂಡ ಆಗಲಿಕ್ಕಿಲ್ಲ ಎಂದು ಅಂಜಿಕೊಂಡಿದ್ದ ಕಾಲ ಅದು. ಕಳ್ಳನ ಹಾಗೆ 'ಭಾಲ್ಕಿ, ತಹಸೀಲ ಕಚೇರಿ' ಎಂದು ಬರೆದು ಪುಸ್ತಕ ಮುಚ್ಚಿಟ್ಟು ಬಂದೆ.

ವಾರದೊಳಗೆ ಕಚೇರಿಯ ಕಿಟಕಿಯಾಚೆ ಒಬ್ಬ ಬಂದು ನಿಂತ. ಮಾವನದೋ ಯಾರದೋ ದೊಗಳೆ ಶೇರ್ವಾನಿ, ಚಪ್ಪಲಿಯ ತುಂಬ ಕೆಂಪು ಮಣ್ಣು. ನಮಸ್ಕಾರವಿಲ್ಲ, ಏನಿಲ್ಲ.

"ನಿದ್ದಿ ಬರ್ತದೇನ್ರಿ?" ಅಂದ.

ಯಾವನೋ ಔಷಧ ಮಾರುವವನೆಂದು ತಿಳಿದು, "ಬರ್ತದ್ರಿ, ಮುಂದ ಹೋಗ್ರಿ" ಅಂದೆ.

"ಹಂಗಿದ್ರ ಚೀಟ್ಯಾಗ ಯಾಕ ಬರದ್ರಿ?"

ಆವತ್ತು ಸಂಜೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಾವಿಬ್ಬರೂ ಎಷ್ಟು ಸಲ ನಡೆದೆವೋ, ಬೀದರಿನ ಗಾಡಿ ಬಂದು ಹೋದದ್ದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು. ಹೇಳಲಿಲ್ಲ. ಅಷ್ಟು ಸಂತೋಷವಾಗಿತ್ತು ನನಗೆ.

ಔರಾದಿನ ಮಾಸ್ತರರನ್ನು ಅವನೇ ನನಗೆ ತೋರಿಸಿದ. ನಮಗಿಂತ ಇಪ್ಪತ್ತು ವರ್ಷ ದೊಡ್ಡವರು, ಉರ್ದು ಸಾಲೆಯ ಮೇಷ್ಟ್ರು, ನಮಾಜು ತಪ್ಪಿಸುವವರಲ್ಲ, ದೇವರ ಬಗ್ಗೆ ಎಂಥ ಪ್ರಶ್ನೆ ಕೇಳಿದರೂ ಸಿಟ್ಟಾಗುವವರೂ ಅಲ್ಲ. ಫಲ್ಸಫಿ ಅವರ ಅಂಗಳದಲ್ಲಿ ಗಾಣದ ಎತ್ತಿನಂತೆ ಸುತ್ತುತ್ತ ವಾದ ಮಾಡುತ್ತಿದ್ದರೆ ಅವರು ಕಣ್ಣು ಮುಚ್ಚಿಕೊಂಡು ಕೇಳಿ, ನಡುನಡುವೆ "ಮುಂದ?" ಅನ್ನುತ್ತಿದ್ದರು.

ಹೀಗೆ ಬೀದರ, ಭಾಲ್ಕಿ, ಔರಾದ ಮೂರು ಊರಿನ ಮೂವರ ನಡುವೆ ಒಂದು ವಹಿ, ಅಂದರೆ ಬರೆಯುವ ಪುಸ್ತಕ, ತಿರುಗಲು ಶುರುವಾಯಿತು. ಟಪ್ಪಾಲಿನಲ್ಲಿ ಹಾಕಿದರೆ ಒಡೆದು ಓದುತ್ತಾರೆಂದು ಫಲ್ಸಫಿ ಅದನ್ನು ಹೊಟ್ಟೆಗೆ ಕಟ್ಟಿಕೊಂಡು ತಾನೇ ಒಯ್ಯುತ್ತಿದ್ದ. ಸಿಕ್ಕಿದರೆ ಗಾಡಿ, ಸಿಗದಿದ್ದರೆ ಕಾಲ್ನಡಿಗೆ. ವಹಿಗೆ ಎರಡೇ ನಿಯಮ. ಒಂದು, ಹೆಸರು ಹಾಕಬಾರದು. ಎರಡನೆಯದು ಕಷ್ಟದ್ದು. ತಾನು ನಂಬಿದ್ದನ್ನು ಯಾರೂ ಬರೆಯುವಂತಿಲ್ಲ. ಎದುರಿನವನ ಮಾತನ್ನೇ ಬರೆಯಬೇಕು. ಅದನ್ನು ಎದುರಿನವನು ಓದಿ, 'ನಾನೇ ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ' ಅನ್ನುವ ಹಾಗಿರಬೇಕು. ಅವನು ಹಾಗನ್ನುವವರೆಗೆ ತಿದ್ದುತ್ತಿರಬೇಕು. ದೇವರಿಲ್ಲ ಅನ್ನುವುದಕ್ಕೆ ಮಾಸ್ತರರು ಮೂರು ಪುಟ ಬರೆದಿದ್ದರು. ದೇವರನ್ನು ಒಪ್ಪದ ಫಲ್ಸಫಿ ಅದನ್ನು ಓದಿ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡ.

ಒಂದು ಪ್ರಶ್ನೆಯನ್ನು ಅವನು ನಮ್ಮೂರಿಗೆ ಬಂದು ನನ್ನ ಅಪ್ಪನಿಗೂ ಕೇಳಿದ. "ಕಾಕಾ, ಎಷ್ಟು ಕುರಿ ಇದ್ರ ಹಿಂಡು ಅಂತೀರಿ? ಹತ್ತೋ, ಇಪ್ಪತ್ತೋ? ಅದರಾಗ ಒಂದು ಕಡಿಮಿ ಆದ್ರ ಹಿಂಡು ಅನ್ನಂಗಿಲ್ಲೇನ್ರಿ?" ಹೈದರಾಬಾದಿನಲ್ಲಿ ಅವನ ಪ್ರೊಫೆಸರರು ಇದರ ಮೇಲೆ ಒಂದು ವಾರ ಪಾಠ ಮಾಡಿದ್ದರಂತೆ.

ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತ ಅಂದ: "ನಾ ಒಬ್ಬನೇ ಹೊಡಕೊಂಡು ಹೋಗ್ಲಿಕ್ಕ ಬಂದ್ರ ಅವು ಕುರಿ. ನಾಯಿ ಬೇಕಾತಂದ್ರ ಹಿಂಡು."

ಫಲ್ಸಫಿ ಅಪ್ಪನ ಕಾಲಿಗೆ ಬೀಳುವುದೊಂದು ಬಾಕಿ. ಹೋದಲ್ಲೆಲ್ಲ ಅದನ್ನು ಹೇಳಿಕೊಂಡು ತಿರುಗಿದ. ಅಪ್ಪನಿಗೆ ಮಾತ್ರ, "ನಿನ್ನ ಗೆಳ್ಯಾಗ ಮನ್ಯಾಗ ಯಾರೂ ಇಲ್ಲೇನೋ? ಪಾಪ" ಎಂದು ಕನಿಕರ.

ಆಮೇಲೆ ನಲವತ್ತೆಂಟನೆಯ ಇಸವಿ ಬಂತು. ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಲಾರಿಗಳು ಹಗಲಲ್ಲೇ ಓಡಾಡತೊಡಗಿದವು. ನಮ್ಮ ಸುತ್ತಿನ ಹಳ್ಳಿಗಳ ಜನ ಗಂಟು ಹೊತ್ತು ಗಡಿಯಾಚೆ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ನಾನು ಕಚೇರಿಯಲ್ಲಿ ತಲೆ ಬಗ್ಗಿಸಿ ಹುಕುಮು ನಕಲು ಮಾಡುತ್ತಿದ್ದೆ. ಅಂಥದ್ದರಲ್ಲಿ ಫಲ್ಸಫಿ ವಹಿ ತಂದು ನನ್ನ ಮುಂದಿಟ್ಟ. ಪ್ರಶ್ನೆ: ಈ ಸಂಸ್ಥಾನ ತನ್ನಷ್ಟಕ್ಕೆ ತಾನು ಇರಬೇಕೋ, ಭಾರತಕ್ಕೆ ಸೇರಬೇಕೋ?

ಸೇರಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಆದ್ದರಿಂದ ನಿಯಮದಂತೆ ನಾನು ನಿಜಾಮನ ಪರ ಬರೆಯಬೇಕು. ಈ ರಾಜ್ಯದಲ್ಲೇ ಹುಟ್ಟಿ ಬೆಳೆದು, ರಜಾಕಾರರನ್ನು ಕಂಡರೆ ಉರಿದುಬೀಳುತ್ತಿದ್ದರೂ ರಾಜ್ಯ ಮುಳುಗುವುದು ಬೇಡವೆನ್ನುತ್ತಿದ್ದ ಮಾಸ್ತರರು ಭಾರತದ ಪರ ಬರೆಯಬೇಕು.

"ನಮ್ಮೂರಾಗ ಬಣವಿಗಿ ಬೆಂಕಿ ಹಚ್ಚ್ಯಾರ. ಅವರ ಪರ ನಾ ಬರೀಲ್ಯಾ? ಒಲ್ಲೆ" ಅಂದೆ.

"ಬೆಂಕಿ ಹಚ್ಚಿದವರ ಪರ ಅಲ್ಲೋ. ಬೆಂಕಿ ಹಚ್ಚಲಾರದ ಒಬ್ಬ ಮರ್ಯಾದಸ್ತ ಮನಷ್ಯಾ ಇದೇ ಮಾತು ಆಡಿದ್ರ ಹ್ಯಾಂಗ ಆಡ್ತಾನ? ಅದು ಗೊತ್ತಾಗಲಾರದ ನಿಂದು ನಿನಗ ಹ್ಯಾಂಗ ಗೊತ್ತಾಗ್ತದ?"

ಹದಿನೈದು ದಿನ ನನ್ನ ಬೆನ್ನು ಬಿಡಲಿಲ್ಲ. ಕಡೆಗೆ ಬರೆದೆ. ಎರಡು ಪುಟ. ನಾಚಿಕೆಯ ಮಾತೆಂದರೆ ಚೆನ್ನಾಗಿ ಬರೆದೆ, ಬರೆಯುತ್ತ ಬರೆಯುತ್ತ ಖುಷಿಪಟ್ಟೆ. ಮಾಸ್ತರರು ಓದಿ, "ನನ್ನ ಎದಿಯಾಗಿದ್ದದ್ದು ನನಗೇ ಹಿಂಗ ಬರೀಲಿಕ್ಕ ಬರ್ತಿದ್ದಿಲ್ಲ ಬೇಟಾ" ಅಂದಾಗ ನನಗೆ ನೆಲದ ಮೇಲೆ ಕಾಲಿರಲಿಲ್ಲ. ತಮ್ಮ ಪಾಲಿನದನ್ನು ಬರೆಯಲೆಂದು ವಹಿಯನ್ನು ಅವರು ಮನೆಯಲ್ಲೇ ಇಟ್ಟುಕೊಂಡರು.

ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು. ನಾಲ್ಕೈದು ದಿನದಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ನಾವು ಬೀದಿಯಲ್ಲಿ ಕುಣಿದೆವು, ನಾನೂ ಕುಣಿದೆ. ಅದರ ಬೆನ್ನಿಗೇ ಹಳ್ಳಿಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಏನೇನು ನಡೆಯಿತೆಂದು ಬರೆಯಲು ನನಗೆ ಕೈ ಬರುವುದಿಲ್ಲ. ಮಾಸ್ತರರು ಬದುಕುಳಿದದ್ದೇ ದೊಡ್ಡದು. ಆದರೆ ಮನೆ ಶೋಧಿಸಿದಾಗ ವಹಿ ಸಿಕ್ಕಿತು. ಅದರಲ್ಲಿ ನಿಜಾಮನ ಪರ ಎರಡು ಪುಟ ಇದ್ದವು, ಮನೆ ಮುಸಲ್ಮಾನನದು. ಮತ್ತೇನು ಬೇಕು? ಅವರನ್ನು ಹಿಡಿದು ಬೀದರಿಗೆ ತಂದರು.

ಹೊಸದಾಗಿ ಬಂದ ಅಧಿಕಾರಿ ಧಾರವಾಡದ ಕಡೆಯವರು. ಸಭ್ಯ ಮನುಷ್ಯ, ಉರ್ದು ಬರುತ್ತಿರಲಿಲ್ಲ. ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳಲು ತಾಲೂಕು ಕಚೇರಿಗಳಿಂದ ಗುಮಾಸ್ತರನ್ನು ಕರೆಸಿಕೊಂಡಿದ್ದರು. ಭಾಲ್ಕಿಯಿಂದ ಬಂದವನು ನಾನು. ಮೂರನೆಯ ದಿನ ಮೇಜಿನ ಮೇಲೆ ನಮ್ಮ ವಹಿ ಇತ್ತು.

ನನ್ನ ಎರಡು ಪುಟಗಳನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ಮಾಸ್ತರರನ್ನು ಒಳಗೆ ತಂದರು. ಬಲಗಣ್ಣಿನ ಮೇಲೆ ಊತ ಇತ್ತು. ನನ್ನನ್ನು ನೋಡಿ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿದರು.

"ಇದನ್ನ ಬರದವರು ಯಾರು, ಕೇಳ್ರಿ" ಎಂದರು ಅಧಿಕಾರಿ.

ಮಾಸ್ತರರಿಗೆ ಕನ್ನಡ ನೀರು ಕುಡಿದಂತೆ ಬರುತ್ತಿತ್ತು. ಆದರೂ ಉರ್ದುವಿನಲ್ಲಿ ಉತ್ತರ ಹೇಳಿದರು. ವಹಿಯಲ್ಲಿ ಹೆಸರು ಬರೆಯುವ ರಿವಾಜು ನಮ್ಮದಲ್ಲ ಮುನ್ಶೀಜಿ, ಅಂದರು ನನಗೆ. ಯಾಕೆ ಉರ್ದುವಿನಲ್ಲಿ ಹೇಳಿದರೋ! ಅವರ ಮಾತು ನನ್ನ ಬಾಯಿಂದಲೇ ಆ ಮೇಜಿಗೆ ಮುಟ್ಟಲಿ, ಅದಕ್ಕೆ ನಾನು ಸೇರಿಸುವುದಿದ್ದರೆ ಸೇರಿಸಲಿ ಎಂದು ಅವಕಾಶ ಕೊಟ್ಟರೆಂದು ನನಗೆ ಇಂದಿಗೂ ಅನ್ನಿಸುತ್ತದೆ. 'ನಾನೇ' ಎಂಬ ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

"ಹೆಸರು ಬರಿಯೋ ಪದ್ಧತಿ ಇಲ್ಲ ಅಂತಾರ್ರಿ ಸಾಹೇಬ್ರ" ಅಂದೆ.

"ನಿಮಗ ಈ ಅಕ್ಷರದ ಗುರ್ತೇನರ?"

"ಇಲ್ರಿ."

ಅವರನ್ನು ಹೊರಗೆ ಕರೆದೊಯ್ದರು.

ಕಚೇರಿ ಬಿಟ್ಟವನೇ ಫಲ್ಸಫಿಯ ಮನೆಗೆ ಓಡಿದೆ. ಅಕ್ಕ ಚಹಾ ಇಟ್ಟು ಹೋದಳು. ಅವನು ಗೋಡೆಯಿಂದ ಗೋಡೆಗೆ ನಡೆಯುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ ನಿಂತ.

"ನೀ ಹೋಗಿ ಹೇಳ್ತಿಯೇನು?"

ನಾನು ನೆಲ ನೋಡುತ್ತ ಕೂತೆ. ನೌಕರಿ, ಅಪ್ಪ, ಅವ್ವ, ಗೊತ್ತಾಗಿದ್ದ ಮದುವೆ, ಮಾಸ್ತರರ ಕಣ್ಣಿನ ಊತ, ಎಲ್ಲವೂ ತಲೆಯಲ್ಲಿ ಸುತ್ತುತ್ತಿದ್ದವು. ಚಹಾದ ಮೇಲೆ ಕೆನೆ ಕಟ್ಟಿತು. ಅವನು ಮತ್ತೆ ನಡೆಯತೊಡಗಿದ.

"ಆತು ಬಿಡು. ನೀ ಒಲ್ಲೆ ಅಂದಿದ್ದಿ, ಬರಿಸಿದಾವ ನಾ. ನಾ ಹೋಗ್ತೇನಿ."

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಅವನು ಬಂದು ನಿಂತು, ಆ ಪುಟ ನನ್ನವು ಅಂದ. ಅಧಿಕಾರಿ ನಂಬಲಿಲ್ಲ. ಅವನು ನಿಯಮ ವಿವರಿಸಿದ. ಅವರು ನಕ್ಕರು. "ತಮ್ಮ ನಂಬಿಕಿ ವಿರುದ್ಧ ಇಷ್ಟು ಚಂದ ಯಾರು ಬರೀತಾರ್ರಿ? ಇದು ಎದಿಯಾಗಿಂದ ಬಂದ ಮಾತು." ನನ್ನ ಬರವಣಿಗೆಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಮುಂದೆಂದೂ ಬರಲಿಲ್ಲ. ಫಲ್ಸಫಿ ಕಾಗದ ಕೇಳಿದ. ನಿಂತುಕೊಂಡೇ ಎರಡೂ ಪುಟಗಳನ್ನು ಬಾಯಿಪಾಠದಿಂದ ಬರೆದುಕೊಟ್ಟ. ಅಷ್ಟೇ ಆಗಿದ್ದರೆ ಬೇರೆ. ಮೂರನೆಯ ವಾದದಲ್ಲಿ ನಾನು ಬಿಟ್ಟಿದ್ದ ಒಂದು ಸಡಿಲವನ್ನು ಅಲ್ಲೇ ಬಿಗಿ ಮಾಡಿದ್ದ. ಜೇಲಿಗೆ ಹೋಗುವವನಿಗೆ ಅದು ಬೇಕಿತ್ತೆ? ಅವನಿಗೆ ಬೇಕಿತ್ತು.

ಅಧಿಕಾರಿ ಎರಡನ್ನೂ ನನ್ನತ್ತ ತಳ್ಳಿದರು. "ನೋಡ್ರಿ, ಒಂದೇ ಕೈ ಏನಿವು?"

ಕಣ್ಣಿದ್ದವನಿಗೆ ಗೊತ್ತಾಗುವಷ್ಟು ಬೇರೆ ಬೇರೆ ಅಕ್ಷರ. ಒಂದು ಕಚೇರಿಯ ದುಂಡು ಬರಹ, ಇನ್ನೊಂದು ಕಾಗೆ ಕಾಲು.

"ಒಂದೇ ಕೈ ಅದ್ರಿ" ಅಂದೆ.

ಮಾಸ್ತರರನ್ನು ಬಿಟ್ಟರು. ಅವನಿಗೆ ಏಳು ತಿಂಗಳ ಜೇಲಾಯಿತು. ನಾನು ಒಮ್ಮೆಯೂ ನೋಡಲು ಹೋಗಲಿಲ್ಲ. ಹೊರಗೆ ಬಂದ ಮೇಲೆ ಅವನೇ ಭಾಲ್ಕಿಗೆ ಬಂದ, ಔರಾದಿನಿಂದ ಮಾಸ್ತರರನ್ನೂ ಕರೆದುಕೊಂಡು. ಮೂವರೂ ಸ್ಟೇಷನ್ನಿನಲ್ಲಿ ನಿಂತೆವು. ಇಬ್ಬರಲ್ಲೊಬ್ಬರೂ ಹಳೆಯ ಮಾತು ಎತ್ತಲಿಲ್ಲ. ಮಾಸ್ತರರು ನನ್ನ ಭುಜ ಹಿಡಿದು, "ಮದುವಿ ಆತಂತಲ್ಲ ಬೇಟಾ, ಛಲೋ ಆತು" ಅಂದರು. ಫಲ್ಸಫಿ ಹೊಸ ವಹಿಯೊಂದನ್ನು ನನ್ನ ಕೈಗಿಟ್ಟ.

"ಈ ಸಲ ಮೊದಲ್ನೇ ಪ್ರಶ್ನಿ ನಿಂದು. ಲಗೂ ಬರದು ಕಳಸು."

ಬರೆಯಲಿಲ್ಲ. ವಹಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ತಿಂಗಳಿಗೊಂದು ಕಾರ್ಡು ಬರುತ್ತಿತ್ತು, ಅದರಲ್ಲಿ 'ವಹಿ?' ಎಂದು ಒಂದೇ ಶಬ್ದ. ನಾನು ಉತ್ತರ ಹಾಕಲಿಲ್ಲ. ಯಾವ ಮುಖ ಹೊತ್ತು ಅವನಿಗೆ ಪ್ರಶ್ನೆ ಕೇಳಲಿ? ಕೆಲವು ವರ್ಷಕ್ಕೆ ಕಾರ್ಡು ಕಡಿಮೆಯಾದವು, ಆಮೇಲೆ ನಿಂತವು. ಬೀದರಿನಲ್ಲಿ ಎದುರಿಗೆ ಕಂಡರೆ ನಾನು ಅಂಗಡಿಯೊಳಗೆ ನುಗ್ಗುತ್ತಿದ್ದೆ. ಮಾಸ್ತರರು ತೀರಿಕೊಂಡಾಗ ಔರಾದಿಗೆ ಹೋದೆ, ಖಬರಸ್ತಾನದ ಗೇಟಿನಲ್ಲಿ ನಿಂತು ಮಣ್ಣಾದದ್ದನ್ನು ನೋಡಿ, ಅವನು ನನ್ನತ್ತ ಬರುತ್ತಿರುವುದನ್ನು ಕಂಡು ಹೊರಟಿದ್ದ ಬಸ್ಸು ಹತ್ತಿಬಿಟ್ಟೆ.

ನಾನು ಮೇಲೇರುತ್ತ ಹೋಗಿ ತಹಸೀಲ್ದಾರನಾಗಿ ನಿವೃತ್ತನಾದೆ. ಅವನನ್ನು ಯಾವ ಕಾಲೇಜೂ ತೆಗೆದುಕೊಳ್ಳಲಿಲ್ಲ. ರಜಾಕಾರರ ಪರ ಬರೆದವನಂತೆ ಅನ್ನುವ ಮಾತು ಅವನು ಅರ್ಜಿ ಹಾಕುವ ಮೊದಲೇ ಅಲ್ಲಿಗೆ ಮುಟ್ಟಿರುತ್ತಿತ್ತು. ಬೀದರಿನ ಅಂಚಿನ ನೌಬಾದದಲ್ಲಿ ಎರಡು ಕೋಣೆಯ ಮನೆ ಮಾಡಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡಿದ್ದ. ಮಕ್ಕಳ ಹಿಂದೆ ಮುಂದೆ ನಡೆದಾಡುತ್ತ ಗಣಿತ ಹೇಳುತ್ತಿದ್ದನಂತೆ.

ಈ ವರ್ಷ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ನಾಲ್ಕು ಹಾಳೆಯಲ್ಲಿ ಬರೆದೆ. ಆ ಪುಟ ನನ್ನವು, ಅವನು ನಿರಪರಾಧಿ, ಎರಡು ಸಲ ಸುಳ್ಳು ಹೇಳಿದವನು ನಾನು ಎಂದು. ಬೀದರಿನ ಪತ್ರಿಕೆಗೆ ಕೊಡುವ ಮೊದಲು ಅವನಿಗೆ ತೋರಿಸಬೇಕೆಂದು ನೌಬಾದಕ್ಕೆ ಹೋದೆ. ಅಕ್ಕ ತೀರಿಹೋಗಿ ವರ್ಷಗಳಾಗಿದ್ದವು, ಅಕ್ಕನ ಮಗಳು ಬಾಗಿಲು ತೆಗೆದಳು. ಅವನು ಹೊರಸಿನ ಮೇಲಿದ್ದ. ಕಾಲು ಬಾತು ಏಳಲಾಗುತ್ತಿರಲಿಲ್ಲ, ಹೊದಿಕೆಯೊಳಗೆ ಬೆರಳು ಮಾತ್ರ ಅಲುಗುತ್ತಿದ್ದವು.

ಓದಿ ಮುಗಿಸಿದೆ. ಕಣ್ಣು ತುಂಬಿ ಬಂದಿತ್ತು. ಕ್ಷಮೆಯ ಮಾತೊಂದು ಬರುತ್ತದೆಂದು ಕಾದೆ, ಅದು ನಿಜ.

"ಇದನ್ನ ಯಾರು ಕೇಳಿದ್ರು ನಿನಗ?" ಅಂದ.

ಅವನಿಗೆ ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಜೇಲಿಗಿ ನಾ ಹೋಗಿದ್ದು ನನ್ನ ಖುಷೀಲೆ. ಅದರಾಗ ನಿಂದೇನದ? ಅದು ಏಳು ತಿಂಗಳು. ನೀ ಸುಮ್ಮ ಕೂತಿದ್ದು ನಲವತ್ತು ವರ್ಷ. ಮೂರು ಊರು ಹುಡುಕಿ ಇಬ್ಬರು ಸಿಕ್ಕಿದ್ರಿ ನನಗ. ಮಾಸ್ತರು ಹೋದ್ರು. ನೀ ಭಾಲ್ಕ್ಯಾಗ ಜೀವಂತ ಇದ್ದಿ. ನಾ ಯಾರ ಕೂಡ ಮಾತಾಡಬೇಕಿತ್ತೋ?"

ನಲವತ್ತು ವರ್ಷ ನಾನು ನನ್ನ ತಪ್ಪೆಂದು ಹೊತ್ತುಕೊಂಡು ತಿರುಗಿದ್ದು ಒಂದು, ಅವನಿಗೆ ನಾನು ಮಾಡಿದ್ದು ಇನ್ನೊಂದು. ಎದ್ದು ಬಂದುಬಿಡೋಣ ಅನ್ನಿಸಿತು. ಮೊದಲಾಗಿದ್ದರೆ ಬಂದುಬಿಡುತ್ತಿದ್ದೆ. ಹಾಳೆ ಮಡಚಿ ಕಿಸೆಯಲ್ಲಿಟ್ಟು, ಬಾಯಿಗೆ ಬಂದದ್ದನ್ನು ಕೇಳಿದೆ.

"ಈಗ ಸಿಟ್ಟಿಗೆದ್ದಿಯಲ್ಲ, ಈ ಸಿಟ್ಟು ಇಷ್ಟು ವರ್ಷ ಎಲ್ಲಿತ್ತು? ಇತ್ತೋ, ಈಗ ಹುಟ್ಟಿತೋ?"

ಅವನು ಅಕ್ಕನ ಮಗಳನ್ನು ಕರೆದು ಬೆನ್ನಿಗೆ ಇನ್ನೊಂದು ದಿಂಬು ಇಡಿಸಿಕೊಂಡ.

"ಇತ್ತು ಅಂತ ನಿನ್ನ ಮನಸ್ಸಿನ್ಯಾಗದ. ಹಂಗಿದ್ರ ನೀ ಇರಲಿಲ್ಲ ಅಂತ ವಾದ ಮಾಡು. ನಾ ಇತ್ತು ಅಂತೇನಿ. ಹೂಂ, ನಡಿ."

ಕಡೆಯ ಬಸ್ಸಿನ ಹೊತ್ತಾಗುವವರೆಗೆ ನಡೆಯಿತು. ಹೊರಡುವಾಗ, "ನಾಳಿ ಬರ್ತಿಯಿಲ್ಲೋ?" ಅಂದ. "ಬರ್ತೇನಿ" ಅಂದೆ.

ಹನ್ನೊಂದು ದಿನ ಹೋದೆ. ಭಾಲ್ಕಿಯಿಂದ ಬೆಳಗಿನ ಬಸ್ಸು, ಸಂಜೆ ವಾಪಸು. ನನ್ನ ಹೆಂಡತಿ ಇದೇನು ಈ ವಯಸ್ಸಿನಲ್ಲಿ ಎಂದು ಬೆರಗಾದಳು. ಎಂಟನೆಯ ದಿನ ಅವನು ನನ್ನನ್ನು ಪೂರ್ತಿ ಸೋಲಿಸಿದ. ಒಂಬತ್ತನೆಯ ದಿನ ಪಕ್ಷ ಬದಲಿಸಿಕೊಂಡೆವು. ಹನ್ನೊಂದನೆಯ ದಿನ ಅವನ ಒಂದು ಮಾತಿಗೆ ನನ್ನಲ್ಲಿ ಜವಾಬು ಇರಲಿಲ್ಲ, "ನಾಳಿ ಹೇಳ್ತೇನಿ" ಎಂದು ಎದ್ದೆ.

ಮರುದಿನ ಅಕ್ಕನ ಮಗಳು ಬಾಗಿಲಲ್ಲೇ ನಿಂತಿದ್ದಳು. ಅಂಗಳದಲ್ಲಿ ನಾಲ್ಕೈದು ಜನ ಇದ್ದರು. ಬಸ್ಸಿನಲ್ಲಿ ಬರುತ್ತ ಇಡೀ ದಾರಿ ಯೋಚಿಸಿ, ಅವನಿಗೆ ಹೇಳಬೇಕಾದ ಜವಾಬನ್ನು ನಾನು ಸಿದ್ಧ ಮಾಡಿಕೊಂಡು ಬಂದಿದ್ದೆ.